ಏಷ್ಯಾದ ಕಣದಲ್ಲಿ ಬೆಂಗಳೂರು ತಂಡದ ಜಮಾ-ಖರ್ಚು

ಬೇಗಂ ಬಜಾರಿನ ಸಗಟು ಅಂಗಡಿಗಳಲ್ಲಿ ಲೆಕ್ಕ ಬರೆಯುವ ನಮ್ಮ ಗುಮಾಸ್ತ ಬಂಧುಗಳಿಗೆ ಒಂದು ಸತ್ಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಜಮಾ ಎಷ್ಟೇ ಇರಲಿ, ಖರ್ಚೂ ಅಷ್ಟೇ ಆದರೆ ಕೈಯಲ್ಲಿ ಉಳಿಯುವುದು ಏನೂ ಇಲ್ಲ. ಬೆಂಗಳೂರು ಎಫ್.ಸಿ. ತಂಡವು ಏಷ್ಯಾದ ಕ್ಲಬ್ಬುಗಳ ಪಂದ್ಯಾಟದಲ್ಲಿ ಪಡೆದ ಫಲವನ್ನು ಪರಿಶೀಲಿಸಿದಾಗ ಈ ಮಾತೇ ನೆನಪಾಗುತ್ತದೆ.

2013ರಲ್ಲಿ ಹುಟ್ಟಿದ ಈ ತಂಡವು ಮೊದಲ ವರ್ಷದಲ್ಲಿಯೇ ಐ-ಲೀಗ್ ಗೆದ್ದು ದೇಶವನ್ನು ಬೆರಗುಗೊಳಿಸಿತು. ನಮ್ಮ ನೆರೆಯ ಸಿಕಂದರಾಬಾದಿನಲ್ಲಿ ಜನಿಸಿದ ಸುನಿಲ್ ಛೇತ್ರಿಯವರೇ ಆಗ ಅದರ ನಾಯಕರಾಗಿದ್ದರು. 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್, 2022ರಲ್ಲಿ ಡುರಾಂಡ್ ಕಪ್ ಕೂಡ ಅದರ ಪಾಲಾದವು. ಆದರೆ ದೇಶದ ಗಡಿಯಾಚೆಯ ಎ.ಎಫ್.ಸಿ. ಕಪ್ ಮಾತ್ರ ಕೊನೆಯವರೆಗೂ ಕೈಗೆಟುಕಲಿಲ್ಲ.

2015ರಲ್ಲಿ, ಸೋತವರು ಹೊರಬೀಳುವ ಹಂತದ ಮೊದಲ ಪಂದ್ಯದಲ್ಲಿಯೇ, ಹಾಂಗ್‌ಕಾಂಗಿನ ಸೌತ್ ಚೈನಾ ತಂಡವು 2-0ರಿಂದ ನಮ್ಮವರನ್ನು ಮನೆಗೆ ಕಳುಹಿಸಿತು. ಮರುವರ್ಷದ ಕಥೆ ಬೇರೆ. ಕಿಟ್ಚಿ, ಟ್ಯಾಂಪೈನ್ಸ್ ರೋವರ್ಸ್ ತಂಡಗಳನ್ನು ದಾಟಿದ ಬಳಿಕ, ಹಿಂದಿನ ವರ್ಷದ ವಿಜೇತರಾದ ಮಲೇಶಿಯಾದ ಜೊಹೊರ್ ತಂಡವನ್ನು ಕಂಠೀರವ ಕ್ರೀಡಾಂಗಣದಲ್ಲಿ 3-1ರಿಂದ ಸೋಲಿಸಿ ಫೈನಲ್ ತಲುಪಿದರು. ಭಾರತದ ಯಾವ ತಂಡಕ್ಕೂ ಅದುವರೆಗೆ ಈ ಭಾಗ್ಯ ದೊರೆತಿರಲಿಲ್ಲ. 2016ರ ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ವಾಯುಪಡೆ ತಂಡದ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲು ಆ ಕನಸನ್ನು ಮುರಿಯಿತು. ಆ ತಂಡವೇ ಮುಂದಿನ ಎರಡು ವರ್ಷವೂ ಕಪ್ ಗೆದ್ದಿತೆಂಬುದನ್ನು ನೆನೆದರೆ ಆ ಸೋಲಿನಲ್ಲಿ ಅವಮಾನವೇನೂ ಇಲ್ಲ.

ಚಿಂತಿಸಬೇಕಾದುದು ಅನಂತರದ ಸೋಲುಗಳನ್ನು. 2017ರಲ್ಲಿ ತಾಜಿಕಿಸ್ತಾನದ ಇಸ್ತಿಕ್ಲೋಲ್ ತಂಡದೆದುರು ಹೊರಊರಿನಲ್ಲಿ 0-1, ಬೆಂಗಳೂರಿನಲ್ಲಿ 2-2. 2018ರಲ್ಲಿ ತುರ್ಕಮೆನಿಸ್ತಾನದ ಅಲ್ತಿನ್ ಅಸಿರ್ ತಂಡದೆದುರು ಬೆಂಗಳೂರಿನಲ್ಲಿ 2-3, ಅವರ ನಾಡಿನಲ್ಲಿ 0-2. 2020ರ ಅರ್ಹತಾ ಹಂತದಲ್ಲಿ ಮಾಲ್ದೀವ್ಸಿನ ಮಾಜಿಯಾ ತಂಡದೆದುರು ಮೊದಲು 1-2 ಸೋಲು, ಬಳಿಕ ಬೆಂಗಳೂರಿನಲ್ಲಿ ಹೆಚ್ಚುವರಿ ಅವಧಿಯವರೆಗೆ ಹೋರಾಡಿ 3-2 ಗೆಲುವು. ಕಡೆಗೆ ಪೆನಾಲ್ಟಿಯಲ್ಲಿ 3-4 ಪರಾಭವ.

ಈಗ ತಾಳೆ ನೋಡೋಣ. ಟ್ಯಾಂಪೈನ್ಸ್, ಜೊಹೊರ್ ಮತ್ತು 2017ರಲ್ಲಿ ಎದುರಾದ ಉತ್ತರ ಕೊರಿಯಾದ ಏಪ್ರಿಲ್ 25 ತಂಡ, ಈ ಮೂವರನ್ನೂ ಹೊರಹಾಕಿದಾಗ ಬೆಂಗಳೂರಿನ ಅಂಗಳದಲ್ಲಿ ನಮ್ಮವರು ಹೊಡೆದ ಗೋಲುಗಳು ಒಟ್ಟು 7, ಬಿಟ್ಟುಕೊಟ್ಟದ್ದು 1. ಮೇಲೆ ಹೇಳಿದ ಮೂರು ಸೋಲುಗಳಲ್ಲಿಯೂ ಅದೇ ಅಂಗಳದಲ್ಲಿ ಹೊಡೆದದ್ದು 7; ಆದರೆ ಬಿಟ್ಟುಕೊಟ್ಟದ್ದೂ 7! ಗೋಲು ಹೊಡೆಯುವ ಶಕ್ತಿ ಕುಂದಿರಲಿಲ್ಲ; ಸ್ವಂತ ಮನೆಯ ಬಾಗಿಲು ಕಾಯುವ ಎಚ್ಚರ ತಪ್ಪಿತ್ತು. ಲೀಗಿನಲ್ಲಾದರೆ ಇಂದಿನ ನಷ್ಟವನ್ನು ಮುಂದಿನ ವಾರ ತುಂಬಿಕೊಳ್ಳಬಹುದು. ಸೋತವರು ಹೊರಬೀಳುವ ಪಂದ್ಯಾಟದಲ್ಲಿ ಮುಂದಿನ ವಾರವೇ ಇಲ್ಲ.

ಈ ಪಾಠಕ್ಕೆ ನಾವಿರುವ ಈ ನಗರದಲ್ಲೇ ದೊಡ್ಡ ನಿದರ್ಶನವಿದೆ. ಸೈಯದ್ ಅಬ್ದುಲ್ ರಹೀಮರು ತರಬೇತಿ ನೀಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅದೇ ರಹೀಮರ ಮಾರ್ಗದರ್ಶನದಲ್ಲಿ ಭಾರತವು 1962ರಲ್ಲಿ ಜಕಾರ್ತಾದ ಏಷ್ಯನ್ ಕ್ರೀಡಾಕೂಟದ ಚಿನ್ನವನ್ನು ತಂದಿತು. ಒಂದು ಸೋಲಿಗೂ ಎಡೆಯಿಲ್ಲದ ಕಣದಲ್ಲಿ ವರ್ಷದ ಮೇಲೆ ವರ್ಷ ಗೆಲ್ಲುವುದು ಅದೃಷ್ಟದ ಮಾತಲ್ಲ, ಶಿಸ್ತಿನ ಫಲ.

ಎ.ಎಫ್.ಸಿ. ಕಪ್ 2024ರಲ್ಲಿ ಮುಗಿದು, ಚಾಂಪಿಯನ್ಸ್ ಲೀಗ್ ಟೂ ಎಂಬ ಪಂದ್ಯಾಟವು ಅದರ ಸ್ಥಾನವನ್ನು ಪಡೆದಿದೆ. ಹಳೆಯ ಕಪ್ಪನ್ನು ಇನ್ನು ಯಾರೂ ಗೆಲ್ಲಲಾರರು. ಹೊಸದರ ಬಾಗಿಲು ತಟ್ಟುವ ದಿನ ಬಂದಾಗ, ಬೆಂಗಳೂರಿನವರು ಮೊದಲು ತಮ್ಮ ಮನೆಯ ಬಾಗಿಲನ್ನು ಭದ್ರಪಡಿಸಿಕೊಂಡು ಹೊರಡಲೆಂಬುದೇ ಪರಊರಿನಲ್ಲಿರುವ ಕನ್ನಡಿಗರಾದ ನಮ್ಮ ಹಾರೈಕೆ.