ಗುಟ್ಟು ತಿಳಿಯದ ಕಾವಲುಗಾರ

ಪಾಸ್‌ವರ್ಡ್ ಮರೆತುಹೋಗಿದೆ ಎಂದು ಕೆಲವು ವರ್ಷಗಳ ಹಿಂದೆ ಒಂದು ಜಾಲತಾಣಕ್ಕೆ ತಿಳಿಸಿದೆ. ಎರಡೇ ನಿಮಿಷದಲ್ಲಿ ಇ-ಮೇಲ್ ಬಂತು. ‘ನಿಮ್ಮ ಪಾಸ್‌ವರ್ಡ್ ಇದು’ ಎಂಬ ಒಕ್ಕಣೆಯ ಕೆಳಗೆ ನಾನಿಟ್ಟುಕೊಂಡಿದ್ದ ಪದ ಒಂದಕ್ಷರವೂ ತಪ್ಪದೆ ನಿಂತಿತ್ತು. ಎಂಥ ಚುರುಕಿನ ಸೇವೆ ಎಂದು ಖುಷಿಪಟ್ಟೆ. ಈ ವಿದ್ಯೆ ಬಲ್ಲ ಗೆಳೆಯರೊಬ್ಬರಿಗೆ ಹೇಳಿದರೆ ಅವರು ಹೌಹಾರಿದರು. ‘ಅದೇ ಪಾಸ್‌ವರ್ಡನ್ನು ಬೇರೆಲ್ಲಾದರೂ ಇಟ್ಟಿದ್ದೀರಾ? ಇವತ್ತೇ ಬದಲಾಯಿಸಿ’ ಎಂದರು.

ಕಾರಣ ಸರಳ. ನನ್ನ ಗುಟ್ಟನ್ನು ನನಗೇ ಹಿಂದಿರುಗಿಸಬಲ್ಲ ತಾಣ ಅದನ್ನು ಇದ್ದ ಹಾಗೆಯೇ, ಇಲ್ಲವೇ ಬಿಡಿಸಿ ಓದಬಲ್ಲ ರೂಪದಲ್ಲಿ, ಬರೆದಿಟ್ಟುಕೊಂಡಿದೆ ಎಂದಾಯಿತು. ಒಳ್ಳೆಯ ಕಾವಲುಗಾರನಿಗೆ ಗುಟ್ಟು ಗೊತ್ತಿರಬಾರದು. ಆದರೂ ಬಂದವನು ಹೇಳಿದ್ದು ಸರಿಯೇ ತಪ್ಪೇ ಎಂಬುದು ಮಾತ್ರ ಅವನಿಗೆ ತಿಳಿಯಬೇಕು.

ಈ ಪಾಠ ಕಲಿಯಲು ಕಂಪ್ಯೂಟರ್ ಲೋಕಕ್ಕೆ ಬಹಳ ಕಾಲ ಹಿಡಿಯಿತು. ಹಲವರು ಒಂದೇ ಯಂತ್ರವನ್ನು ಹಂಚಿಕೊಂಡು ಬಳಸುವ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯಲ್ಲಿ ರೂಪಿಸಿದರು. ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬಳಕೆಗೆ ಬಂದದ್ದು ಅಲ್ಲಿಂದಲೇ ಎನ್ನುತ್ತಾರೆ. ಒಂದು ದಿನ ದಿನದ ಸಂದೇಶದ ಕಡತವೂ ಪಾಸ್‌ವರ್ಡ್‌ಗಳ ಕಡತವೂ ಅದಲುಬದಲಾಗಿ, ಒಳಬಂದವರಿಗೆಲ್ಲ ಸಂದೇಶದ ಬದಲು ಎಲ್ಲರ ಗುಟ್ಟಿನ ಪಟ್ಟಿಯೇ ಕಾಣಿಸಿತು! ಅದು ಸಣ್ಣ ಬಳಗ, ನಕ್ಕು ಮರೆಯಬಹುದಿತ್ತು. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಸೋರಿಹೋದ ಪಾಸ್‌ವರ್ಡ್‌ಗಳು 3.2 ಕೋಟಿ. ಎಲ್ಲವೂ ಇದ್ದ ಹಾಗೆಯೇ ಬರೆದಿಟ್ಟವು. ಅವುಗಳಲ್ಲಿ ಅತಿ ಹೆಚ್ಚು ಜನ ಆರಿಸಿಕೊಂಡಿದ್ದು 123456.

ಇದಕ್ಕೆ ಪರಿಹಾರ ಹಿಟ್ಟಿನ ಗಿರಣಿಯ ಉಪಾಯ. ರಾಗಿ ಬೀಸಿದರೆ ಹಿಟ್ಟಾಗುತ್ತದೆ. ಹಿಟ್ಟಿನಿಂದ ರಾಗಿ ಕಾಳು ಮರಳಿ ಬಾರದು. ಹಾಗೆಯೇ ನಿಮ್ಮ ಪಾಸ್‌ವರ್ಡನ್ನು ಗಣಿತದ ಗಿರಣಿಗೆ ಹಾಕಿ, ಬಂದ ಹಿಟ್ಟನ್ನು ಮಾತ್ರ ತಾಣ ಇಟ್ಟುಕೊಳ್ಳುತ್ತದೆ. ಇದೇ ಹ್ಯಾಷ್. ನಾಳೆ ನೀವು ಬಂದಾಗ ನೀವು ಹೇಳಿದ್ದನ್ನೂ ಬೀಸಿ, ಎರಡು ಹಿಟ್ಟೂ ತಾಳೆಯಾದರೆ ಒಳಗೆ ಬಿಡುತ್ತದೆ. ಆದರೆ ಕಳ್ಳನೂ ಜಾಣ. ಜನ ಸಾಮಾನ್ಯವಾಗಿ ಇಡುವ ಪಾಸ್‌ವರ್ಡ್‌ಗಳನ್ನೆಲ್ಲ ಮೊದಲೇ ಬೀಸಿಟ್ಟುಕೊಂಡು ಹೋಲಿಸಿ ನೋಡುತ್ತಾನೆ. ಅದಕ್ಕೇ ಬೀಸುವ ಮುನ್ನ ಒಬ್ಬೊಬ್ಬರ ಪಾಸ್‌ವರ್ಡ್‌ಗೂ ಬೇರೆ ಬೇರೆ ಅಕ್ಷರಗಳ ಚಿಟಿಕೆಯೊಂದನ್ನು ಬೆರೆಸುತ್ತಾರೆ. ತಂತ್ರಜ್ಞರು ಅದನ್ನು ಕರೆಯುವುದೂ ‘ಸಾಲ್ಟ್’, ಅಂದರೆ ಉಪ್ಪು ಎಂದೇ. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರಲ್ಲೇ ಇದನ್ನು ವಿವರಿಸಿ ಬರೆದಿದ್ದರು. 33 ವರ್ಷಗಳ ಬಳಿಕ, 2012ರಲ್ಲಿ, ಲಿಂಕ್ಡ್‌ಇನ್‌ನಿಂದ ಸೋರಿದ ಸುಮಾರು 65 ಲಕ್ಷ ಹ್ಯಾಷ್‌ಗಳಲ್ಲಿ ಉಪ್ಪೇ ಇರಲಿಲ್ಲ!

ಪತ್ರಿಕಾಲಯದ ಕೂಸು

ದೊಡ್ಡ ಕಂಪನಿಯೇ ಎಡವುವ ಕಡೆ, ಸಣ್ಣ ಊರಿನ ಸಹಕಾರ ಸಂಘಕ್ಕೋ ಶಾಲೆಗೋ ಜಾಲಸೇವೆ ಕಟ್ಟಿಕೊಡುವ ಒಂಟಿ ಪ್ರೋಗ್ರಾಮರ್ ಏನು ಮಾಡಬೇಕು? ಮನೆ ಕಟ್ಟುವವರು ಬೀಗವನ್ನು ತಾವೇ ಎರಕ ಹೊಯ್ಯುವುದಿಲ್ಲ, ಅಂಗಡಿಯಿಂದ ತರುತ್ತಾರೆ. ಜಾಲಸೇವೆ ಕಟ್ಟುವವರಿಗೂ ಅಂಥ ಸಿದ್ಧ ಸಾಮಗ್ರಿ ಇದೆ. ಅದಕ್ಕೆ ಫ್ರೇಮ್‌ವರ್ಕ್ ಎಂದು ಹೆಸರು. ಹೆಸರಾಂತವಾದವುಗಳಲ್ಲಿ ಒಂದಾದ ಜಾಂಗೊ ಹುಟ್ಟಿದ್ದು ಪತ್ರಿಕಾಲಯದಲ್ಲಿ ಎಂಬುದು ನಮ್ಮಂಥವರಿಗೆ ಹೆಮ್ಮೆಯ ಸಂಗತಿ. ಅಮೆರಿಕದ ಕಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದ ‘ಲಾರೆನ್ಸ್ ಜರ್ನಲ್-ವರ್ಲ್ಡ್’ ದಿನಪತ್ರಿಕೆಯಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಇದನ್ನು ಆರಂಭಿಸಿದರು. ಪತ್ರಿಕೆಯ ಗಡುವು ಗೊತ್ತಲ್ಲ, ಇವತ್ತು ಕೇಳಿದ್ದು ಇವತ್ತೇ ಆಗಬೇಕು. ಪ್ರತಿ ಬಾರಿಯೂ ಮೊದಲಿನಿಂದ ಬರೆಯಲು ಸಮಯವೆಲ್ಲಿ? 2005ರಲ್ಲಿ ಅದನ್ನು ಲೋಕಕ್ಕೆಲ್ಲ ಉಚಿತವಾಗಿ ಬಿಟ್ಟರು. ಹೆಸರು ಜಾಂಗೊ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನದು.

ಇದನ್ನು ಬಳಸುವವರು ಹ್ಯಾಷ್, ಉಪ್ಪು ಇವುಗಳ ತಲೆಬಿಸಿ ಹಚ್ಚಿಕೊಳ್ಳಬೇಕಾಗಿಲ್ಲ. ಗಿರಣಿ ಬೇಕೆಂದೇ ನಿಧಾನ. 2012ರ ಆವೃತ್ತಿಯಲ್ಲಿ ಒಂದು ಪಾಸ್‌ವರ್ಡನ್ನು 10,000 ಸಲ ಬೀಸುತ್ತಿತ್ತು. 2025ರ ಆವೃತ್ತಿಯಲ್ಲಿ 10 ಲಕ್ಷ ಸಲ. ಒಮ್ಮೆ ಒಳಬರುವ ನಮಗೆ ಆ ತಡ ಲೆಕ್ಕಕ್ಕಿಲ್ಲ, ಕೋಟಿ ಸಲ ಊಹಿಸಿ ನೋಡಬೇಕಾದ ಕಳ್ಳನ ಗತಿ ಬೇರೆ. ಈ ನಿಧಾನವೇ ಒಮ್ಮೆ ತಿರುಗಿ ಕಚ್ಚಿದ್ದೂ ಉಂಟು. ಒಂದು ಮೆಗಾಬೈಟ್ ಉದ್ದದ ಪಾಸ್‌ವರ್ಡ್ ಕೊಟ್ಟರೆ ಅದನ್ನು ಬೀಸಲು ಸುಮಾರು ಒಂದು ನಿಮಿಷ ಬೇಕಾಗುತ್ತಿತ್ತು. ಕಿಡಿಗೇಡಿಯೊಬ್ಬ ಅಂಥವನ್ನು ಸಾಲಾಗಿ ಕಳಿಸಿದರೆ ಸರ್ವರ್ ಕಂಗಾಲು. 2013ರ ಸೆಪ್ಟೆಂಬರ್‌ನಲ್ಲಿ ಉದ್ದಕ್ಕೆ 4096 ಬೈಟ್‌ಗಳ ಮಿತಿ ಹಾಕಿ ಆ ಬಿರುಕು ಮುಚ್ಚಿದರು. ಒಂದೆಡೆ ಮಾಡಿದ ತಿದ್ದುಪಡಿ ಬಳಸುವವರಿಗೆಲ್ಲ ಸಿಕ್ಕಿತು. ಸ್ವಂತ ಬೀಗ ಮಾಡಿಕೊಂಡವರಿಗೆ ಈ ಅನುಕೂಲವಿಲ್ಲ.

ದರ್ಶಿನಿಯ ಟೋಕನ್

ಪಾಸ್‌ವರ್ಡ್ ತಾಳೆಯಾಯಿತು, ಮುಂದೇನು? ಅಂತರಜಾಲಕ್ಕೆ ಮರೆವು ಹೆಚ್ಚು. ಒಂದು ಪುಟ ಕೊಟ್ಟ ಸರ್ವರ್ ಮರುಕ್ಷಣವೇ ನೀವಾರೆಂದು ಮರೆಯುತ್ತದೆ. ಬೆಂಗಳೂರಿನ ದರ್ಶಿನಿಯನ್ನು ನೆನೆಯಿರಿ. ಗಲ್ಲಾದಲ್ಲಿ ಹಣ ಕೊಟ್ಟು ಟೋಕನ್ ಪಡೆಯುತ್ತೀರಿ. ಕಾಫಿ ಕೊಡುವವನು ನಿಮ್ಮ ಹೆಸರು ಕೇಳುವುದಿಲ್ಲ, ಟೋಕನ್ ನೋಡಿ ಲೋಟ ಮುಂದಿಡುತ್ತಾನೆ. ಸರ್ವರ್ ಕೊಡುವ ಚೀಟಿಯೂ ಹೀಗೆಯೇ. ಬ್ರೌಸರ್ ಅಂಥ ಚೀಟಿಯನ್ನು ‘ಕುಕಿ’ಯಲ್ಲಿ ಇಟ್ಟುಕೊಂಡು ಪ್ರತಿ ಕೋರಿಕೆಯ ಜೊತೆಗೂ ತೋರಿಸುತ್ತದೆ. ಕುಕಿ 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲಿ ಹೂಡಿದ ಉಪಾಯ. ಮೊಬೈಲ್ ಆ್ಯಪ್‌ಗಳು ಸಾಮಾನ್ಯವಾಗಿ ಟೋಕನ್ನನ್ನೇ ಹಾಗೆ ಕಳಿಸುತ್ತವೆ.

ಟೋಕನ್ನಿನ ಕಷ್ಟವೂ ದರ್ಶಿನಿಯದೇ. ಅದು ಯಾರ ಕೈಯಲ್ಲಿದ್ದರೂ ಕಾಫಿ ಅವರಿಗೇ. ಎರಿಕ್ ಬಟ್ಲರ್ 2010ರಲ್ಲಿ ಬಿಡುಗಡೆ ಮಾಡಿದ ಫೈರ್‌ಶೀಪ್ ಎಂಬ ಪುಟ್ಟ ತಂತ್ರಾಂಶ, ಒಂದೇ ಬೀಗವಿಲ್ಲದ ವೈ-ಫೈ ಬಳಸುತ್ತಿದ್ದ ಇತರರ ಕುಕಿಗಳನ್ನು ಎಗರಿಸಿ ತೋರಿಸಿತು. ಆಗ ಅನೇಕ ತಾಣಗಳು ಪಾಸ್‌ವರ್ಡ್ ಕೇಳುವ ಪುಟಕ್ಕಷ್ಟೇ ಗೋಪ್ಯ ಲಿಪಿಯ ರಕ್ಷಣೆ ಕೊಟ್ಟು, ಉಳಿದ ಪುಟಗಳನ್ನು ಬಯಲಲ್ಲಿ ಬಿಟ್ಟಿದ್ದವು.

ಇಷ್ಟಾದರೂ ಫ್ರೇಮ್‌ವರ್ಕ್ ತಾನಾಗಿ ಮಾಡದ ಕೆಲಸವೊಂದಿದೆ. ನೀವು ಯಾರು ಎಂದು ಅದು ಕಂಡುಹಿಡಿಯುತ್ತದೆ. ನೀವು ಕೇಳಿದ ಕಾಗದ ನಿಮ್ಮದೇ ಎಂದು ನೋಡುವ ಹೊಣೆ ಮಾತ್ರ ಸೇವೆ ಕಟ್ಟಿದವರದು. ವಿಳಾಸದ ಕೊನೆಯಲ್ಲಿ 101 ಎಂದಿರುವ ನಿಮ್ಮ ಬಿಲ್ಲನ್ನು ನೋಡುತ್ತಿದ್ದೀರಿ ಎನ್ನಿ. ಅದನ್ನು 102 ಎಂದು ತಿದ್ದಿದರೆ ಪಕ್ಕದ ಮನೆಯವರ ಬಿಲ್ಲು ತೆರೆದುಕೊಂಡರೆ? ಪಾಸ್‌ವರ್ಡ್ ಸರಿಯಾಗಿದೆ, ಟೋಕನ್ ಅಸಲಿ, ಯಾವ ಬೀಗವೂ ಮುರಿದಿಲ್ಲ. ಜಾಲ ಸುರಕ್ಷತೆಯ ಲೋಪಗಳನ್ನು ಪಟ್ಟಿಮಾಡುವ ಓವಾಸ್ಪ್ ಸಂಸ್ಥೆ 2021ರಲ್ಲಿ ಮೊದಲ ಸ್ಥಾನ ಕೊಟ್ಟದ್ದು ಈ ಬಗೆಯ ಲೋಪಕ್ಕೇ. ಇದನ್ನು ತಡೆಯಲು ಬೇಕಾದದ್ದು ‘ಈ ಬಿಲ್ಲಿನ ಒಡೆಯರು ಇವರೇ ಹೌದೇ?’ ಎಂದು ಕೇಳುವ ಸಾಲೊಂದು, ಬಿಲ್ಲನ್ನು ತೆರೆಯುವ ಪ್ರತಿಯೊಂದು ಕಡೆಯಲ್ಲೂ.