ಗರಗಸದ ಕೆಳಗಿನ ಎಣ್ಣೆಯ ಕಲೆ

ವಿದೇಶದಲ್ಲಿ ನೆಲೆಸಿದ ವೈದ್ಯನ ಗ್ಯಾರೇಜಿನಲ್ಲಿ ಏನಿರಬಹುದೆಂದು ಊರಿನ ಬಂಧುಗಳನ್ನು ಕೇಳಿದರೆ ಯಾವುದಾದರೂ ಬೆಲೆಬಾಳುವ ಕಾರಿನ ಹೆಸರು ಬರುತ್ತದೆ. ಉತ್ತರ ಮಿಶಿಗನ್ನಿನ ನಮ್ಮಂಥ ಸಣ್ಣ ಊರುಗಳಲ್ಲಿ ಕಾರಿನ ಪಕ್ಕದಲ್ಲಿ ಸಾಮಾನ್ಯವಾಗಿ ಇನ್ನೆರಡು ಯಂತ್ರಗಳಿರುತ್ತವೆ. ಒಂದು ಹಿಮ ತೆಗೆಯುವುದು, ಇನ್ನೊಂದು ಮರ ಕೊಯ್ಯುವ ಚೈನ್‌ಸಾ. ಇಲ್ಲಿಗೆ ಬರಬಯಸುವ ಕಿರಿಯ ವೈದ್ಯರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಜೆ-1 ವೀಸಾದ ಮೇಲೆ ತರಬೇತಿಗೆ ಬಂದವರು, ಎರಡು ವರ್ಷ ಸ್ವದೇಶಕ್ಕೆ ಮರಳಬೇಕೆಂಬ ನಿಯಮದಿಂದ ವಿನಾಯಿತಿ ಪಡೆಯಬೇಕಾದರೆ, ಸಾಮಾನ್ಯವಾಗಿ ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ಮೂರು ವರ್ಷ ದುಡಿಯಬೇಕಾಗುತ್ತದೆ. ಅಂಥ ಪ್ರದೇಶಗಳಲ್ಲಿ ಅನೇಕವು ಕಾಡಿನಂಚಿನವು. ಮೂರು ವರ್ಷಕ್ಕೆಂದು ಬಂದು ಅಲ್ಲೇ ಬೇರು ಬಿಟ್ಟವರಲ್ಲಿ ನಾನೂ ಒಬ್ಬ.

2025ರ ಮಾರ್ಚ್ ಕೊನೆಯಲ್ಲಿ ಈ ಭಾಗದಲ್ಲಿ ಬಿದ್ದಲ್ಲೇ ಹೆಪ್ಪುಗಟ್ಟುವ ಮಳೆ ಸುರಿಯಿತು. ಕೊಂಬೆ ಕೊಂಬೆಗೂ ಮಂಜುಗಡ್ಡೆ ಕಟ್ಟಿ, ಆ ಭಾರಕ್ಕೆ ಮರಗಳು ಸಾಲುಸಾಲಾಗಿ ಮುರಿದು ವಿದ್ಯುತ್ ತಂತಿಗಳ ಮೇಲೂ ರಸ್ತೆಗಳ ಮೇಲೂ ಒರಗಿದವು. ನ್ಯಾಷನಲ್ ಗಾರ್ಡ್ ಪಡೆಯನ್ನೂ ನೆರವಿಗೆ ಕರೆಯಬೇಕಾಯಿತು. ಆದರೆ ಸರ್ಕಾರ ಬಿಡಿಸಿಕೊಡುವುದು ಸಾರ್ವಜನಿಕ ರಸ್ತೆಯನ್ನು; ಅಲ್ಲಿಂದ ಬಾಗಿಲವರೆಗಿನ ದಾರಿ ಮನೆಯವನ ಹೊಣೆ. ಒಳಗೆ ಆಮ್ಲಜನಕದ ಯಂತ್ರವನ್ನೇ ನಂಬಿದ ರೋಗಿಯಿದ್ದರೂ, ಆ ದಾರಿಗಡ್ಡ ಬಿದ್ದ ಮರವನ್ನು ಯಾರಾದರೂ ಕೊಯ್ಯದೆ ಆಂಬುಲೆನ್ಸ್ ಒಳಬರಲಾರದು. ಅಂಥ ಹೊತ್ತಿನಲ್ಲಿ ಶೆಲ್ಫಿನಿಂದ ಇಳಿಸಿದ ಗರಗಸದ ಎಣ್ಣೆಯೆಲ್ಲ ಮೊದಲೇ ನೆಲದ ಪಾಲಾಗಿದ್ದರೆ ಏನು ಮಾಡುವುದು? ಅಂಗಡಿಗಳಿಗೂ ವಿದ್ಯುತ್ತಿರುವುದಿಲ್ಲ.

ಈ ವಿಷಯವನ್ನು ಬರೆಯಲು ತಕ್ಷಣದ ಕಾರಣ ನನ್ನ ತಮ್ಮ. ಮೂಡಿಗೆರೆಯ ಕಡೆ ಕಾಫಿ ತೋಟ ನೋಡಿಕೊಳ್ಳುವ ಅವನು, ಮಳೆಗಾಲದಲ್ಲಿ ತೋಟದೊಳಗೆ ಬೀಳುವ ಮರಗಳನ್ನು ತುಂಡರಿಸಲು ಇಂಥದೇ ಯಂತ್ರ ಕೊಂಡಿದ್ದಾನೆ. ಒಂದು ಭಾನುವಾರ ಫೋನಿನಲ್ಲಿ ಹೇಳಿದ: “ಅಣ್ಣ, ಮಷೀನು ಆಯಿಲ್ ಸೋರ್ತಾ ಇದೆ. ಅಂಗಡಿಯವನು ಪಂಪೇ ಬದಲಾಯಿಸಬೇಕು ಅಂತಾನೆ. ಎಂ-ಸೀಲ್ ಮೆತ್ತಿದ್ರೆ ನಿಲ್ಲಲ್ವಾ?”

“ಎಲ್ಲಿಂದ ಸೋರುತ್ತೋ? ಕೆಲಸ ಮಾಡುವಾಗಲೋ, ಸುಮ್ಮನೆ ಇಟ್ಟಾಗಲೋ?”

“ಕೆಳಗೆಲ್ಲ ಎಣ್ಣೆ ಅಣ್ಣ. ಎಲ್ಲಿಂದ ಅಂತ ಹೇಳ್ಲಿ!”

ಹೊಟ್ಟೆನೋವೆಂದು ಬಂದವನಿಗೆ ನೋವು ಯಾವ ಕಡೆಯೆಂದು ಕೇಳದೆ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಿದಂತಾಯಿತು ಇದು. ಪಂಪು ಕೆಟ್ಟಿರಲೂಬಹುದು. ಆದರೆ ನಾನು ಕಂಡಂತೆ ಸೋರಿಕೆಯ ದೂರುಗಳಲ್ಲಿ ಪಂಪಿನ ಪಾಲು ಸಣ್ಣದು.

ಈ ಎಣ್ಣೆ ಯಾವುದೆಂಬುದರಿಂದಲೇ ತೊಡಗೋಣ. ಪೆಟ್ರೋಲ್ ಚೈನ್‌ಸಾಗೆ ಎರಡು ಟ್ಯಾಂಕುಗಳು. ಒಂದರಲ್ಲಿ ಟೂ-ಸ್ಟ್ರೋಕ್ ಆಯಿಲ್ ಬೆರೆಸಿದ ಪೆಟ್ರೋಲು. ಇನ್ನೊಂದರಲ್ಲಿ ಬಾರ್ ಆಯಿಲ್, ಅಂದರೆ ಚೈನು ಸುತ್ತುವ ಉದ್ದನೆಯ ಉಕ್ಕಿನ ಪಟ್ಟಿಗೆ, ಬಾರಿಗೆ, ಬೇಕಾದ ಅಂಟುಅಂಟಾದ ಎಣ್ಣೆ. ಎಂಜಿನ್ನಿನ ಬಲದಿಂದ ತಿರುಗುವ ಪುಟ್ಟ ಪಂಪೊಂದು ಟ್ಯಾಂಕಿನೊಳಗಿನ ರಬ್ಬರ್ ಕೊಳವೆಯ ಮೂಲಕ ಅದನ್ನೆಳೆದು ಬಾರಿನ ಬುಡದ ಸಣ್ಣ ತೂತಿಗೆ ಒಪ್ಪಿಸುತ್ತದೆ. ಅಲ್ಲಿಂದ ಚೈನು ಅದನ್ನು ತುದಿಯವರೆಗೆ ಹೊತ್ತೊಯ್ಯುತ್ತದೆ. ಕಾರಿನ ಎಂಜಿನ್ನಿನಲ್ಲಿ ಎಣ್ಣೆ ಸುತ್ತಿ ಮರಳಿ ಬರುತ್ತದೆ. ಇಲ್ಲಿ ಹೋದದ್ದು ಹೋಯಿತು. ಮರದ ಪುಡಿಗೆ, ನೆಲಕ್ಕೆ, ಕೊಯ್ಯುವವನ ಪ್ಯಾಂಟಿಗೆ. ಎಣ್ಣೆ ಕಳೆದುಕೊಳ್ಳುವುದೇ ಈ ವ್ಯವಸ್ಥೆಯ ಧರ್ಮವಾದ್ದರಿಂದ, ಕೆಳಗೆ ಎಣ್ಣೆ ಕಂಡಿತೆಂದ ಮಾತ್ರಕ್ಕೆ ಯಂತ್ರಕ್ಕೆ ರೋಗವಿದೆಯೆನ್ನಲಾಗದು.

ಕೆಲಸ ಮುಗಿಸಿ ಇಟ್ಟ ಗರಗಸ ಒಂದಿಷ್ಟು ಹೊತ್ತು ತೊಟ್ಟಿಕ್ಕುವುದು ಸಹಜ. ಬಾರಿನ ಸೀಳಿನಲ್ಲಿ, ಚೈನಿನ ಕೊಂಡಿಗಳಲ್ಲಿ, ಕ್ಲಚ್ ಮುಚ್ಚಳದೊಳಗೆ ಗಂಜಿಯಂತೆ ಹೆಪ್ಪಾದ ಮರದ ಪುಡಿಯಲ್ಲಿ ಉಳಿದ ಎಣ್ಣೆ ಮೆಲ್ಲಗೆ ಇಳಿಯುತ್ತದೆ. ಇದಕ್ಕಿಂತ ಹೆಚ್ಚು ಜನರನ್ನು ಗಾಬರಿಗೊಳಿಸುವುದು ಉಷ್ಣಾಂಶದ ಆಟ. ನಮ್ಮಲ್ಲಿ ಚಳಿಗಾಲದ ಮಧ್ಯಾಹ್ನ ಹೊರಗೆ ಮೈನಸ್ 15 ಡಿಗ್ರಿ ಸೆಲ್ಸಿಯಸ್, ಬಿಸಿಯಾಗಿಟ್ಟ ಗ್ಯಾರೇಜಿನಲ್ಲಿ 15 ಡಿಗ್ರಿ. 250 ಮಿಲಿಲೀಟರಿನ ಟ್ಯಾಂಕಿನಲ್ಲಿ ಅರ್ಧ ಎಣ್ಣೆ, ಅರ್ಧ ಗಾಳಿ ಇದೆಯೆನ್ನಿ. ಒಳಗೆ ತಂದಿಟ್ಟಾಗ ಆ ಗಾಳಿ ನೂರಕ್ಕೆ ಹನ್ನೊಂದು ಪಾಲಿಗಿಂತ ಸ್ವಲ್ಪ ಹೆಚ್ಚೇ ಹಿಗ್ಗಲು ಹವಣಿಸುತ್ತದೆ. ಟ್ಯಾಂಕು ಹಿಗ್ಗುವುದಿಲ್ಲ, ಆದ್ದರಿಂದ ಗಾಳಿ ಎಣ್ಣೆಯನ್ನು ಪಂಪಿನ ದಾರಿಯಾಗಿ ಹೊರದಬ್ಬುತ್ತದೆ. ಲೆಕ್ಕ ಹಾಕಿದರೆ ಸುಮಾರು 14 ಮಿಲಿಲೀಟರ್, ಕೆಮ್ಮಿನ ಔಷಧದ ಮೂರು ಚಮಚದಷ್ಟು. ಬೆಳಗ್ಗೆ ನೆಲದ ಮೇಲೆ ಅಂಗೈಯಗಲದ ಕಲೆ ಹರಡಲು ಅಷ್ಟು ಧಾರಾಳವಾಗಿ ಸಾಕು. ಮೂಡಿಗೆರೆಯಲ್ಲಿ ಇಷ್ಟು ಚಳಿಯಿಲ್ಲ, ಆದರೆ ಬಿಸಿಲಿಗೆ ಕಾಯುವ ತಗಡಿನ ಶೆಡ್ಡಿನಲ್ಲಿ ಇದೇ ಆಟ ನಡೆಯುತ್ತದೆ. ಒಂದಂಶ ಗಮನಿಸಿ: ಹಿಗ್ಗುವುದು ಗಾಳಿಯಾದ್ದರಿಂದ ತುಂಬಿದ ಟ್ಯಾಂಕಿಗಿಂತ ಅರ್ಧ ಬರಿದಾದ ಟ್ಯಾಂಕೇ ಹೆಚ್ಚು ಉಗುಳುತ್ತದೆ. ಯಂತ್ರ ತಣಿದ ಮೇಲೆ, ಮತ್ತು ಚಳಿಯಿಂದ ಬೆಚ್ಚಗಿನ ಜಾಗಕ್ಕೆ ತಂದು ಒಂದು ಗಂಟೆ ಕಳೆದ ಮೇಲೆ, ಎಣ್ಣೆಯ ಮುಚ್ಚಳವನ್ನು ಒಮ್ಮೆ ಸಡಿಲಿಸಿ ಒತ್ತಡ ಬಿಟ್ಟು ಮತ್ತೆ ಬಿಗಿದರೆ ಈ ಕಾಟ ಬಹುಮಟ್ಟಿಗೆ ತೀರುತ್ತದೆ. ತಿಂಗಳುಗಟ್ಟಲೆ ಮುಟ್ಟುವುದಿಲ್ಲವೆಂದಾದರೆ ಟ್ಯಾಂಕನ್ನೇ ಬರಿದು ಮಾಡಿಡುವುದು ಲೇಸು.

ಸಹಜವೋ ರೋಗವೋ ಎಂದು ತೀರ್ಮಾನಿಸುವ ಪರೀಕ್ಷೆಗೆ ಕಾಸಿನ ಖರ್ಚಿಲ್ಲ. ಎಂಜಿನ್ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಳಚಿ, ಬ್ಯಾಟರಿಯದಾದರೆ ಬ್ಯಾಟರಿ ತೆಗೆದು, ದಪ್ಪ ಕೈಗವಸು ತೊಟ್ಟು ಚೈನು, ಬಾರು ಎರಡನ್ನೂ ಬಿಚ್ಚಬೇಕು. ಒಳಗಿನ ಪುಡಿಯನ್ನೆಲ್ಲ ಬ್ರಷ್ಷಿನಿಂದ ತೆಗೆದು, ಯಂತ್ರದ ಮೈಯನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿ, ಟ್ಯಾಂಕು ತುಂಬಿ, ಬಿಳಿಯ ರಟ್ಟಿನ ಮೇಲೆ ರಾತ್ರಿಯಿಡೀ ಇಡಬೇಕು. ಒರೆಸದೆ ಮಾಡುವ ಪರೀಕ್ಷೆ ವ್ಯರ್ಥ. ಎಣ್ಣೆ ಹುಟ್ಟುವುದೊಂದು ಕಡೆ, ಮೈಮೇಲೆ ಹರಿದು ಬೀಳುವುದು ಇನ್ನೊಂದು ಕಡೆ. ಮರುದಿನ ಕಲೆಯ ನೇರಕ್ಕೆ ಮೇಲೆ ನೋಡಿದರೆ ಅರ್ಧ ರೋಗನಿರ್ಣಯ ಆದಂತೆ. ಕಲೆಯನ್ನು ಮೂಸಿಯೂ ನೋಡಬೇಕು. ಪೆಟ್ರೋಲಿನ ವಾಸನೆಯಿದ್ದರೆ ಕಥೆಯೇ ಬೇರೆ. ಅದು ಬೆಂಕಿಯ ಅಪಾಯ, ಅಂಥ ಯಂತ್ರವನ್ನು ಮನೆಯೊಳಗಿಡದೆ ದುರಸ್ತಿಯಾಗುವವರೆಗೆ ಚಾಲೂ ಮಾಡಬಾರದು.

ತಮ್ಮನ ರಟ್ಟಿನ ಫೋಟೊ ಮರುದಿನ ವಾಟ್ಸಾಪಿನಲ್ಲಿ ಬಂತು. ಕಲೆ ಬಿದ್ದದ್ದು ಪಂಪಿನ ಕೆಳಗಲ್ಲ, ಎಣ್ಣೆಯ ಮುಚ್ಚಳದ ಕೆಳಗೆ. ಮುಚ್ಚಳದ ರಬ್ಬರ್ ವಾಷರಿನ ಮೇಲೆ ಉಗುರಿನಷ್ಟು ಮರದ ಸಿಪ್ಪೆ ಕೂತಿತ್ತು. ತೆಗೆದು ಒರೆಸಿದ, ಸೋರಿಕೆ ನಿಂತಿತು. ವಾಷರ್ ಸೀಳಿದ್ದರೂ ಹೀಗೇ ಆಗುತ್ತದೆ. ಉಪಕರಣವಿಲ್ಲದೆ ಕೈಯಿಂದಲೇ ತಿರುವಿ ಮುಚ್ಚುವ ಮುಚ್ಚಳಗಳಲ್ಲಿ ಒಳಭಾಗ ಸ್ವಲ್ಪ ಹೊರಳಿದ್ದರೆ, ಮುಚ್ಚಿದಂತೆ ಕಂಡರೂ ಅದು ಮುಚ್ಚಿರುವುದಿಲ್ಲ.

ಮುಂದಿನ ಶಂಕೆ ಗಾಳಿಕಿಂಡಿಯ ಮೇಲೆ. ಟ್ಯಾಂಕಿನಿಂದ ಎಣ್ಣೆ ಹೊರಹೋದಷ್ಟೂ ಗಾಳಿ ಒಳಬರಬೇಕು. ಅದಕ್ಕೊಂದು ಸಣ್ಣ ಕವಾಟವಿರುತ್ತದೆ. ಹೃದಯದ ಕವಾಟದಂತೆ ಅದೂ ಒಂದೇ ದಿಕ್ಕಿಗೆ ತೆರೆಯತಕ್ಕದ್ದು. ಸರಿಯಾಗಿ ಮುಚ್ಚದಿದ್ದರೆ ಅಲ್ಲಿಂದಲೇ ಎಣ್ಣೆ ಜಿನುಗುತ್ತದೆ. ಪುಡಿ ತುಂಬಿ ತೆರೆಯದಿದ್ದರೆ ಟ್ಯಾಂಕಿನಲ್ಲಿ ನಿರ್ವಾತ ಉಂಟಾಗಿ ಚೈನಿಗೆ ಎಣ್ಣೆಯೇ ಹೋಗುವುದಿಲ್ಲ. ಬಾರಿನ ಬುಡದಲ್ಲೇ ಕಲೆಯಿದ್ದರೆ ಟ್ಯಾಂಕಿನಿಂದ ಪಂಪಿಗೆ ಹೋಗುವ ಕೊಳವೆಯನ್ನು ನೋಡಬೇಕು. ವರ್ಷಗಳು ಕಳೆದಂತೆ ರಬ್ಬರ್ ಗಡುಸಾಗಿ ಬಿರಿಯುತ್ತದೆ. ಕೊಳವೆಯ ಬೆಲೆ ಅಲ್ಪ, ಅಲ್ಲಿಗೆ ತಲುಪುವುದೇ ಕಷ್ಟ. ಕ್ಲಚ್ ಬಿಚ್ಚಬೇಕು, ಅದರ ಮರೆ ಸಾಮಾನ್ಯವಾಗಿ ಉಲ್ಟಾ. ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಅಭ್ಯಾಸವಿಲ್ಲದವರು ಇಲ್ಲಿ ಕೈಬಿಟ್ಟು ಮೆಕ್ಯಾನಿಕ್ಕನ ಬಳಿ ಹೋಗುವುದೇ ಸರಿ. ಟ್ಯಾಂಕಿಗೇ ಬಿರುಕು ಬಿದ್ದಿದ್ದರೆ ತಮ್ಮನ ಎಂ-ಸೀಲ್ ಹೆಚ್ಚು ಕಾಲ ನಿಲ್ಲುವುದಿಲ್ಲ. ಎಣ್ಣೆ ಹೀರಿದ ಪ್ಲಾಸ್ಟಿಕ್ಕನ್ನು ಯಾವ ಅಂಟೂ ಗಟ್ಟಿಯಾಗಿ ಹಿಡಿಯದು.

ಸೋರುತ್ತದೆಯೆಂದು ಬೇಸತ್ತು, ಎಣ್ಣೆಯ ಪ್ರಮಾಣದ ಸ್ಕ್ರೂವನ್ನು ಪೂರ್ತಿ ತಿರುಗಿಸಿಬಿಡುವವರಿದ್ದಾರೆ. ನಿಂತ ಯಂತ್ರದ ಸೋರಿಕೆ ಇದರಿಂದ ನಿಲ್ಲುವುದಿಲ್ಲ, ಚೈನಿಗೆ ಮಾತ್ರ ಬರಗಾಲ ಬರುತ್ತದೆ. ಒಣಗಿದ ಚೈನು ಕಾದು ಹಿಗ್ಗಿ ಸಡಿಲಾಗುತ್ತದೆ, ಬಾರು ನೀಲಿಗಟ್ಟುತ್ತದೆ, ಕೊನೆಗೆ ಚೈನು ಜಾಡು ತಪ್ಪುತ್ತದೆ ಅಥವಾ ಕಡಿಯುತ್ತದೆ. ನೆಲದ ಮೇಲಿನ ಕಲೆಗಿಂತ ನಾನು ಹೆದರುವುದು ಇದಕ್ಕೆ. ಚೈನ್‌ಸಾ ಗಾಯಗಳು ಹೆಚ್ಚಾಗಿ ಆಗುವುದು ಕೈಗೆ ಮತ್ತು ತೊಡೆ, ಮೊಣಕಾಲುಗಳಿಗೆ. ಅವು ಚಾಕುವಿನ ಗಾಯದಂತೆ ನೇರವಾಗಿರುವುದಿಲ್ಲ, ಮಾಂಸವನ್ನು ಕಿತ್ತು ಪುಡಿ ತುಂಬಿರುತ್ತವೆ. ಚೈನು ಹಲ್ಲಿನ ಗರಗಸ ಮೊದಲು ಬಂದದ್ದೇ ನಮ್ಮ ವೃತ್ತಿಯವರ ಕೈಗೆ ಎಂಬುದನ್ನು ಇಲ್ಲಿ ನೆನೆಯಬಹುದು. 18ನೆಯ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಜಾನ್ ಏಟ್ಕೆನ್ ಮತ್ತು ಜೇಮ್ಸ್ ಜೆಫ್ರಿ, 1830ರ ಸುಮಾರಿಗೆ ಜರ್ಮನಿಯ ಬರ್ನ್‌ಹಾರ್ಡ್ ಹೈನೆ ಇದನ್ನು ರೂಪಿಸಿದ್ದು ಮೂಳೆ ಕೊಯ್ಯಲಿಕ್ಕೆ. ಮೂಳೆ ಕೊಯ್ಯುವುದನ್ನು ಅದು ಮರೆತಿಲ್ಲ.

ಎಣ್ಣೆ ಚೈನನ್ನು ಮುಟ್ಟುತ್ತಿದೆಯೇ ಎಂದು ತಿಳಿಯಲು, ಎಲ್ಲ ಜೋಡಿಸಿದ ಮೇಲೆ ಬಾರಿನ ತುದಿಯನ್ನು ಹಿಮದ ಅಥವಾ ಬಿಳಿ ರಟ್ಟಿನ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ಎಂಜಿನ್ ಜೋರಾಗಿ ಓಡಿಸಬೇಕು. ಸಣ್ಣ ಹನಿಗಳ ಗೆರೆ ಮೂಡಿದರೆ ಸರಿ. ಇನ್ನೊಂದು ಸೂಚನೆ: ಪೆಟ್ರೋಲು ಮುಗಿಯುವ ಹೊತ್ತಿಗೆ ಎಣ್ಣೆಯೂ ಬಹುಪಾಲು ಮುಗಿದು, ತಳದಲ್ಲಿ ಸ್ವಲ್ಪ ಉಳಿದಿರಬೇಕು. ಎಣ್ಣೆ ಮೊದಲೇ ಬರಿದಾದರೆ ಸೋರಿಕೆಯನ್ನೋ ಸ್ಕ್ರೂವನ್ನೋ ಶಂಕಿಸಿ. ಕೊಂಚವೂ ಇಳಿದಿಲ್ಲವಾದರೆ ದಾರಿ ಕಟ್ಟಿದೆ.

ತಮ್ಮ ಕೊನೆಗೆ ಕೇಳಿದ್ದು ಎಣ್ಣೆಯ ಬಗ್ಗೆಯೇ: “ಜೀಪಿನಿಂದ ತೆಗೆದ ಹಳೇ ಎಂಜಿನ್ ಆಯಿಲ್ ಡಬ್ಬಗಟ್ಟಲೆ ಇದೆ, ಅದನ್ನೇ ಹಾಕಿದ್ರೆ ದುಡ್ಡು ಉಳಿಯುತ್ತಲ್ಲ ಅಣ್ಣ?” ಇಲ್ಲಿಯೂ ಹಾಗೆ ಮಾಡುವವರಿದ್ದಾರೆ. ನಾನು ಖಡಾಖಂಡಿತವಾಗಿ ಬೇಡವೆಂದೆ. ಅದರ ಲೋಹದ ಕಣಗಳು ಪಂಪನ್ನು ಸವೆಸುತ್ತವೆ ಎಂಬುದು ಸಣ್ಣ ಕಾರಣ. ಚೈನು ಆ ಎಣ್ಣೆಯನ್ನು ಮಂಜಿನಂತೆ ಚಿಮ್ಮಿಸುತ್ತದೆ. ಅದು ಕೊಯ್ಯುವವನ ಮುಖ, ಕೈ, ತೊಡೆಗಳ ಮೇಲೆ ಕೂರುತ್ತದೆ, ಉಸಿರಿನೊಳಗೂ ಹೋಗುತ್ತದೆ. ಎಂಜಿನ್ನಿನಲ್ಲಿ ಸುಟ್ಟು ಬಂದ ಎಣ್ಣೆಯಲ್ಲಿ ಮಸಿಯಲ್ಲಿರುವ ಜಾತಿಯ ರಾಸಾಯನಿಕಗಳೇ ಇರುತ್ತವೆ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವವರ ವೃಷಣಚೀಲದ ಕ್ಯಾನ್ಸರಿಗೆ ಚರ್ಮದಲ್ಲಿ ಕೂತ ಮಸಿಯೇ ಕಾರಣವೆಂದು ಗುರುತಿಸಿದ್ದು ವೈದ್ಯಕೀಯ ವಿದ್ಯಾರ್ಥಿಗಳೆಲ್ಲ ಓದುವ ಪಾಠ. ಲ್ಯಾಂಕಶೈರಿನ ಹತ್ತಿ ಗಿರಣಿಗಳ ನೂಲುಗಾರರಲ್ಲಿ ಅದೇ ರೋಗವನ್ನು ಮುಂದೆ ಕಂಡದ್ದು ಯಂತ್ರಕ್ಕೆ ಹಾಕುವ ಎಣ್ಣೆಯಿಂದ. ತೋಟದಲ್ಲಿ ಯಂತ್ರ ಹಿಡಿಯುವವನು ತಮ್ಮನಲ್ಲ, ದಿನಗೂಲಿಗೆ ಬರುವ ಹುಡುಗ ಎಂಬುದನ್ನೂ ನೆನಪಿಸಬೇಕಾಯಿತು. ಬಾರ್ ಆಯಿಲ್ ಸಿಗದ ದಿನ ಅಡುಗೆಯ ಎಣ್ಣೆ ಹಾಕಿ ಕೊಯ್ಯಬಹುದು. ಕೆಲಸ ಮುಗಿದೊಡನೆ ಬರಿದು ಮಾಡಿ ಒರೆಸಿಟ್ಟರಾಯಿತು, ಉಳಿದರೆ ಅಂಟಾಗಿ ಗಟ್ಟಿಯಾಗುತ್ತದೆ.

ನನ್ನ ಗರಗಸ ಈಗ ಒಂದು ಹಳೆಯ ಅಡುಗೆ ತಟ್ಟೆಯಲ್ಲಿ, ರಟ್ಟಿನ ಮೇಲೆ ಕೂತಿದೆ. ರಟ್ಟಿನಲ್ಲಿ ರೂಪಾಯಿ ನಾಣ್ಯದಗಲದ ಒಂದು ಕಲೆಯಿದೆ. ಹೋದ ತಿಂಗಳೂ ಅಷ್ಟೇ ಇತ್ತು, ಹಾಗಾಗಿ ಅದನ್ನು ಅದರ ಪಾಡಿಗೆ ಬಿಟ್ಟಿದ್ದೇನೆ.