ಇಪ್ಪತ್ತರಲ್ಲಿ ಹತ್ತೊಂಬತ್ತು ಚುಕ್ಕಿ ಟೀವಿಯದ್ದೇ

ಟೆಕ್ಸಾಸಿನ ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿ ಫೋರ್‌ಕೆ ಟೀವಿ ಈಗ ಮನೆಮನೆಯ ವಸ್ತು. ಹೊಸ ಸಿನಿಮಾ ಹಾಕಿದರೆ ಕಣ್ಣಿಗೆ ಹಬ್ಬ. ಊರಿಂದ ಬಂದ ಅಪ್ಪ ಅಮ್ಮನಿಗೆಂದು ರಾಜ್‌ಕುಮಾರ್ ಅವರ ಹಳೆಯ ಚಿತ್ರ ಹಾಕಿದರೆ ಮಾತ್ರ ಮುಖವೆಲ್ಲ ಮೇಣ ಮೆತ್ತಿದ ಹಾಗೆ, ಅಕ್ಷರಗಳ ಸುತ್ತ ಬಿಳಿ ಗೆರೆ. “ನಮ್ಮ ಡಬ್ಬಾ ಟೀವಿಯಲ್ಲೇ ಚೆನ್ನಾಗಿತ್ತಲ್ಲೋ” ಎಂದು ಅಪ್ಪ ಅಂದರೆ ಅದನ್ನು ಹಳೇ ಕಾಲದವರ ಹಟ ಎನ್ನಬೇಡಿ. ಅದರಲ್ಲಿ ಭೌತಶಾಸ್ತ್ರವಿದೆ.

ಡಬ್ಬಾ ಟೀವಿಯಲ್ಲಿ ಎಲೆಕ್ಟ್ರಾನ್ ಕಿರಣವೊಂದು ಪರದೆಯ ಮೇಲೆ ಗೆರೆ ಎಳೆಯುತ್ತಿತ್ತು. ದೂರದರ್ಶನದ 625 ಗೆರೆಗಳಲ್ಲಿ ಚಿತ್ರ ಹೊರುತ್ತಿದ್ದವು 576. ಕಿರಣದ ಮೊನೆ ತುಸು ದಪ್ಪ, ಹಾಗಾಗಿ ಗೆರೆಗಳ ಅಂಚು ಒಂದರೊಳಗೊಂದು ಬೆರೆಯುತ್ತಿತ್ತು. ಅದು ಪುಕ್ಕಟೆಯಾಗಿ ಸಿಗುತ್ತಿದ್ದ ಫಿಲ್ಟರ್. ಎಲ್‌ಸಿಡಿ, ಓಎಲ್‌ಇಡಿ ಪರದೆಗಳಲ್ಲಿ ಪಿಕ್ಸೆಲ್‌ಗಳು ಕಾರ್ಖಾನೆಯಲ್ಲೇ ಕೂತುಬಿಟ್ಟಿರುತ್ತವೆ: ಫೋರ್‌ಕೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ. ದೂರದರ್ಶನ ಕಾಲದ ಟೇಪಿನಿಂದ ಇಳಿಸಿಕೊಂಡ ಪ್ರತಿಯಲ್ಲಿರುವುದು 720 × 576, ಅಂದರೆ ಸುಮಾರು 4.15 ಲಕ್ಷ. ಪರದೆಯ ಪ್ರತಿ ಇಪ್ಪತ್ತು ಚುಕ್ಕಿಯಲ್ಲಿ ಹತ್ತೊಂಬತ್ತನ್ನು ಟೀವಿ ತಾನೇ ಲೆಕ್ಕ ಹಾಕಿ ತುಂಬಬೇಕು.

ಲೆಕ್ಕ ಸುಲಭವಲ್ಲ. 1080 ಗೆರೆಯ ಚಿತ್ರವಾದರೆ ಸರಿಯಾಗಿ ಎರಡು ಪಟ್ಟು, 720 ಆದರೆ ಮೂರು ಪಟ್ಟು. 576ಕ್ಕೆ ಬಂದರೆ 3.75. ಬರೀ ನಕಲು ಮಾಡುತ್ತ ಹೋದರೆ ಮೂರು ಗೆರೆಗೆ ನಾಲ್ಕು ನಾಲ್ಕು ಸಾಲು, ಮುಂದಿನ ಗೆರೆಗೆ ಮೂರೇ ಸಾಲು ಸಿಗುತ್ತದೆ. ಓರೆ ಅಂಚೆಲ್ಲ ಮೆಟ್ಟಿಲಾಗುತ್ತದೆ. ಆದ್ದರಿಂದ ಅಕ್ಕಪಕ್ಕದ ಚುಕ್ಕಿಗಳ ಸರಾಸರಿ ತೆಗೆಯುತ್ತಾರೆ, ಹತ್ತಿರದ್ದಕ್ಕೆ ಹೆಚ್ಚು ತೂಕ, ದೂರದ್ದಕ್ಕೆ ಕಡಿಮೆ. ಆದರೆ ಚಿತ್ರ ಮಸುಕಾಗುತ್ತದೆ. ಹಂಗೇರಿ ಮೂಲದ ಗಣಿತಜ್ಞ ಲಾಂಕ್ಜೋಸ್ ಹೆಸರಿನ ಫಿಲ್ಟರ್ ಇನ್ನೂ ದೂರದ ಚುಕ್ಕಿಗಳನ್ನೂ ಸೇರಿಸಿಕೊಂಡು, ಕೆಲವಕ್ಕೆ ಋಣ ತೂಕ ಕೊಡುತ್ತದೆ. ಅಂಚು ಚೂಪಾಗುತ್ತದೆ ನಿಜ, ಜೊತೆಗೆ ಅಂಚಿನಾಚೆ ಮೂಲದಲ್ಲಿ ಇಲ್ಲದ ಗೆರೆಯೊಂದು ಹುಟ್ಟುತ್ತದೆ. ಅಕ್ಷರದ ಸುತ್ತಿನ ಬಿಳಿ ಗೆರೆಯ ಒಂದು ಮೂಲ ಇದೇ. ಇನ್ನೊಂದು ಮೂಲ ಟೀವಿಯ ‘ಶಾರ್ಪ್‌ನೆಸ್’ ಗುಂಡಿ. ಅದು ವಿವರವನ್ನು ಸೇರಿಸುವುದಿಲ್ಲ, ಅಂಚುಗಳ ಕಪ್ಪು ಬಿಳುಪಿನ ಅಂತರವನ್ನು ಉಬ್ಬಿಸುತ್ತದೆ ಅಷ್ಟೆ.

ಈ ಸ್ಥಿರ ಪಿಕ್ಸೆಲ್‌ಗಳ ಕಥೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ಟೆಕ್ಸಾಸಿನಲ್ಲೇ. 1987ರಲ್ಲಿ ಡಲ್ಲಾಸಿನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಲ್ಯಾರಿ ಹಾರ್ನ್‌ಬೆಕ್ ಚಿಪ್ ಮೇಲೆ ಸೂಕ್ಷ್ಮ ಕನ್ನಡಿಗಳನ್ನು ಕೂರಿಸಿದರು. ಕಂಪನಿ ಮುಂದೆ ಅದಕ್ಕೆ ಡಿಎಲ್‌ಪಿ ಎಂದು ಹೆಸರಿಟ್ಟಿತು. ಒಂದೊಂದು ಪಿಕ್ಸೆಲ್‌ಗೆ ಒಂದೊಂದು ಕನ್ನಡಿ, ಸೆಕೆಂಡಿಗೆ ಸಾವಿರಾರು ಸಲ ಅದು ವಾಲುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು ಆಮೇಲಿನ ಜಾಣತನ. 1920 × 1080 ಟೀವಿಗೆ 960 × 1080 ಕನ್ನಡಿಗಳನ್ನಷ್ಟೇ ಇಟ್ಟು, ಬೆಳಕಿನ ದಾರಿಯನ್ನು ಅರ್ಧ ಪಿಕ್ಸೆಲ್‌ನಷ್ಟು ಪಕ್ಕಕ್ಕೆ ಜರುಗಿಸಿ ಒಂದೇ ಕನ್ನಡಿಯಿಂದ ಎರಡು ಚುಕ್ಕಿ ಬಿಡಿಸಿದರು! ಪಕ್ಕಪಕ್ಕದ ಚುಕ್ಕಿಗಳು ಕೊಂಚ ಒಂದರ ಮೇಲೊಂದು ಬಿದ್ದು, ನಡುವಿನ ಜಾಲರಿ ಮಾಯವಾಯಿತು. ಡಬ್ಬಾ ಟೀವಿಯ ಮಸುಕು ಬೇರೆ ದಾರಿಯಲ್ಲಿ ಮರಳಿತು. ಹಾರ್ನ್‌ಬೆಕ್‌ಗೆ 2015ರಲ್ಲಿ ಆಸ್ಕರ್ ಬಂತು. ಡಿಎಲ್‌ಪಿ ಟೀವಿಗಳು ತೆಳು ಪರದೆಗಳ ಮುಂದೆ ಸೋತು ಅಂಗಡಿಯಿಂದ ಮರೆಯಾದರೂ ಆ ಕನ್ನಡಿಗಳು ಚಿತ್ರಮಂದಿರದ ಪ್ರೊಜೆಕ್ಟರ್‌ಗಳಲ್ಲಿ ಉಳಿದಿವೆ.

ಈಗಿನ ಟೀವಿಗಳು ಕಲಿತ ಯಂತ್ರಬುದ್ಧಿಯಿಂದ ಚುಕ್ಕಿ ಊಹಿಸುತ್ತವೆ. ಊಹೆ ಸರಿಬಿದ್ದರೆ ಸೊಗಸು, ತಪ್ಪಿದರೆ ಹೊಸ ಬಗೆಯ ಮೇಣ. ಟೇಪಿನಲ್ಲೇ ಇಲ್ಲದ ಹುಬ್ಬಿನ ಕೂದಲನ್ನು ಯಾವ ಫಿಲ್ಟರೂ ತಂದುಕೊಡದು.

ಹಾಗಾಗಿ ಹಳೆಯ ಚಿತ್ರ ನೋಡುವಾಗ ಶಾರ್ಪ್‌ನೆಸ್ಸನ್ನು ಬಿಳಿ ಗೆರೆ ಮಾಯವಾಗುವ ತನಕ ಇಳಿಸಿ, ಮುಖಕ್ಕೆ ಮೇಣ ಮೆತ್ತುವ ‘ನಾಯ್ಸ್ ರಿಡಕ್ಷನ್’ ಆಫ್ ಮಾಡಿ. ಚೌಕಟ್ಟು 4:3 ಇದ್ದರೆ ಪಕ್ಕದ ಕಪ್ಪು ಪಟ್ಟಿ ಹಾಗೇ ಇರಲಿ, ಚಿತ್ರವನ್ನು ಹಿಗ್ಗಿಸಬೇಡಿ. ಆಗಲೂ ಸಮಾಧಾನವಾಗದಿದ್ದರೆ ಸೋಫಾವನ್ನು ಎರಡಡಿ ಹಿಂದಕ್ಕೆ ಎಳೆಯಿರಿ.